ಹತ್ತು ಕುಂಡ, ಮೂರು ಕಾಲ: ನೀರಿನ ಲೆಕ್ಕ ಕಲಿಸಿದ ತೋಟ

ಬೇಸಿಗೆಯ ಕೊನೆಯಲ್ಲಿ ಶುರುಮಾಡಿದ ಕುಂಡದ ತೋಟ ಮಳೆಗಾಲ, ಚಳಿಗಾಲ ದಾಟಿ ಮತ್ತೆ ಬೇಸಿಗೆಯ ಕೊನೆಗೆ ಬಂದಿದೆ. ಒಂದು ಸುತ್ತು ಮುಗಿಯಿತು. ಯಾವ ಕಾಲದಲ್ಲಿ ಏನು ಮಾಡಿದೆ, ಯಾವುದು ಕೈಹಿಡಿಯಿತು, ಯಾವುದು ಕೈಕೊಟ್ಟಿತು ಅನ್ನುವುದನ್ನು ಮರೆಯುವ ಮುಂಚೆ ಬರೆದಿಡುತ್ತಿದ್ದೇನೆ.

ಹೊಸದಾಗಿ ಶುರುಮಾಡುವವರಿಗೆ ಮೊದಲೇ ಒಂದು ಮಾತು. ಈ ತೋಟದಲ್ಲಿ ಹುಳ ತಿಂದು ಸತ್ತ ಗಿಡ ಕಡಿಮೆ, ನೀರಿನ ಹದ ತಪ್ಪಿ ಸತ್ತಿದ್ದೇ ಜಾಸ್ತಿ. ಯಾವ ಗೊಬ್ಬರ, ಯಾವ ಔಷಧಿ ಅಂತ ಎಲ್ಲರೂ ಕೇಳುತ್ತಾರೆ. ಕಾಲ ಬದಲಾದಾಗ ನೀರು ಹೇಗೆ ಬದಲಾಗಬೇಕು ಅಂತ ಕೇಳುವವರು ಸಿಗುವುದು ಅಪರೂಪ. ಅದಕ್ಕೇ ಕೆಳಗೆ ಪ್ರತಿ ಕಾಲಕ್ಕೂ ನೀರಿನ ಲೆಕ್ಕ ಬರೆದಿದ್ದೇನೆ.

ಸಾಮಾನು: 12 ಇಂಚು ಅಗಲ, 12 ಇಂಚು ಎತ್ತರದ ಆರು ಕುಂಡ. ಸೊಪ್ಪಿಗೆ 8 ಇಂಚು ಆಳದ ನಾಲ್ಕು ಅಗಲವಾದ ತೊಟ್ಟಿ. ಕರಣೆ, ಜರಡಿ, ಡ್ರಿಲ್ ಮತ್ತು 8 ಮಿಮೀ ಬಿಟ್, 1 ಲೀಟರ್ ಅಳತೆಯ ಜಗ್ಗು, ಸ್ಪ್ರೇ ಬಾಟಲಿ, ಒಂದಷ್ಟು ಇಟ್ಟಿಗೆ, ಒಂದು ಸೀಮೆಸುಣ್ಣ. ಇಷ್ಟೇ.

ಹಂತ 1: ಬಿಸಿಲಿನ ಗುರುತು

ಕುಂಡ ತರುವ ಮೊದಲೇ ಮಾಡಿದ ಕೆಲಸ ಇದು. ಬೆಳಗ್ಗೆ 8, 10, ಮಧ್ಯಾಹ್ನ 12, 2, ಸಂಜೆ 4 ಗಂಟೆಗೆ ನೆರಳಿನ ಅಂಚಿಗೆ ಸೀಮೆಸುಣ್ಣದಿಂದ ಗೆರೆ ಎಳೆದು ಪಕ್ಕದಲ್ಲಿ ಹೊತ್ತು ಬರೆದೆ. ಒಂದು ರಜಾ ದಿನ ಸಾಕು. ಸಂಜೆಗೆ ನೋಡಿದರೆ ಎಲ್ಲಿ 6 ಗಂಟೆ ಬಿಸಿಲು ಬೀಳುತ್ತದೆ, ಎಲ್ಲಿ ಬರೀ 3 ಗಂಟೆ ಅನ್ನುವುದು ನೆಲದ ಮೇಲೇ ಕಾಣುತ್ತದೆ. ಟೊಮೆಟೊ, ಮೆಣಸಿನಕಾಯಿ, ಬದನೆ, ಸೌತೆ, ಬೀನ್ಸ್‌ನಂಥ ಕಾಯಿ ಬಿಡುವ ಗಿಡಗಳಿಗೆ ಕನಿಷ್ಠ 6 ಗಂಟೆ ನೇರ ಬಿಸಿಲು ಬೇಕು. ಸೊಪ್ಪಿಗೆ 3–4 ಗಂಟೆ ಆದರೂ ನಡೆಯುತ್ತದೆ.

ಆದರೆ ಈ ಗೆರೆ ವರ್ಷವಿಡೀ ನಿಲ್ಲುವುದಿಲ್ಲ. ಚಳಿಗಾಲದಲ್ಲಿ ಸೂರ್ಯ ಓರೆಯಾಗಿ ಸಾಗುತ್ತಾನೆ, ಗೋಡೆಯ ನೆರಳು ಉದ್ದವಾಗುತ್ತದೆ. ಬೇಸಿಗೆಯಲ್ಲಿ ಒಳ್ಳೆಯ ಬಿಸಿಲಿದ್ದ ಮೂಲೆಗೆ ಚಳಿಗಾಲದಲ್ಲಿ ಅರ್ಧದಷ್ಟೂ ಬಿಸಿಲು ಬೀಳಲಿಲ್ಲ. ಅಲ್ಲಿದ್ದ ಮೆಣಸಿನ ಗಿಡ ಎಲೆ ಬಿಟ್ಟಿತೇ ಹೊರತು ಹೂ ಬಿಡಲಿಲ್ಲ. ಹಾಗಾಗಿ ಕಾಲ ಬದಲಾದಾಗಲೆಲ್ಲ ಒಮ್ಮೆ ಗೆರೆ ಎಳೆಯಬೇಕು.

ಹಂತ 2: ಕುಂಡ ಮತ್ತು ತೂತು

12 ಇಂಚಿನ ಕುಂಡ ಅಂಚಿನವರೆಗೆ ಸುಮಾರು 21 ಲೀಟರ್ ಹಿಡಿಯುತ್ತದೆ. ನೀರು ಹಾಕಲು ಮೇಲೆ 2 ಇಂಚು ಬಿಟ್ಟರೆ ಮಣ್ಣು ಹಿಡಿಯುವುದು 17–18 ಲೀಟರ್. ನೆನೆದ ಮೇಲೆ ತೂಕ 20 ಕೆಜಿಯ ಆಸುಪಾಸು. ಮಹಡಿಯ ಮೇಲೆ ಇಡುವವರು ಎಲ್ಲವನ್ನೂ ಒಂದೇ ಕಡೆ ಗುಡ್ಡೆ ಹಾಕದೆ ಗೋಡೆಯ ಅಂಚಿಗೆ ಸಾಲಾಗಿ ಇಡುವುದು ಒಳ್ಳೆಯದು.

ತಂದ ಕುಂಡಗಳಿಗೆ ತಳದ ಮಧ್ಯೆ ಒಂದೇ ತೂತು ಇತ್ತು. ಅದು ಸಾಲದು. ತಳದಲ್ಲಿ 8 ಮಿಮೀಯ ಐದು ತೂತು ಹಾಕಿದೆ. ಪಕ್ಕದ ಗೋಡೆಯಲ್ಲೂ ತಳದಿಂದ 1 ಸೆಂಟಿಮೀಟರ್ ಮೇಲೆ ನಾಲ್ಕು ತೂತು ಹಾಕಿದೆ. ಪಕ್ಕದ ತೂತು ಯಾಕೆ ಅಂದರೆ, ಕುಂಡ ಚಪ್ಪಟೆ ನೆಲದ ಮೇಲೆ ಕೂತರೆ ತಳದ ತೂತುಗಳು ಮುಚ್ಚಿಹೋಗುತ್ತವೆ. ಡ್ರಿಲ್ ನಿಧಾನಕ್ಕೆ ತಿರುಗಬೇಕು, ಪ್ಲಾಸ್ಟಿಕ್‌ನ ಹಿಂದೆ ಮರದ ತುಂಡು ಆನಿಸಿ ಹಿಡಿಯಬೇಕು. ವೇಗವಾಗಿ ತಿರುಗಿಸಿದ ಒಂದು ಕುಂಡ ತೂತಿನಿಂದ ಅಂಚಿನವರೆಗೆ ಸೀಳಿಬಿಟ್ಟಿತು.

ಈಗ ಜಲ್ಲಿಯ ವಿಷಯ. ತಳಕ್ಕೆ 2 ಇಂಚು ಜಲ್ಲಿ ಹಾಕಿದರೆ ನೀರು ಚೆನ್ನಾಗಿ ಬಸಿಯುತ್ತದೆ ಅನ್ನುವುದು ಎಲ್ಲರ ಬಾಯಲ್ಲೂ ಕೇಳುವ ಮಾತು. ಒಂದು ಕುಂಡಕ್ಕೆ ಜಲ್ಲಿ ಹಾಕಿದೆ, ಒಂದಕ್ಕೆ ಹಾಕಲಿಲ್ಲ. ಎರಡಕ್ಕೂ ಒಂದೇ ಮಣ್ಣು, ಒಂದೇ ಅಳತೆಯ ನೀರು. ಮರುದಿನ ಎರಡನ್ನೂ ಅಗೆದು ನೋಡಿದೆ. ಜಲ್ಲಿಯ ಕುಂಡದಲ್ಲಿ ಜಲ್ಲಿಯ ಮೇಲಿನ ಮಣ್ಣು ಹಿಂಡಿದರೆ ನೀರು ಸೋರುವಷ್ಟು ಒದ್ದೆ. ಸಣ್ಣ ಕಣದ ಮಣ್ಣು ನೆನೆದ ಸ್ಪಂಜಿನ ಹಾಗೆ ನೀರು ಹಿಡಿದುಕೊಳ್ಳುತ್ತದೆ, ಪೂರ್ತಿ ತುಂಬುವ ತನಕ ಕೆಳಗಿನ ಜಲ್ಲಿಗೆ ಬಿಡುವುದೇ ಇಲ್ಲ. ಅಂದರೆ ಒದ್ದೆ ಪದರ ಎರಡು ಇಂಚು ಮೇಲೆ ಬಂತು, ಬೇರಿನ ಜಾಗ ಅಷ್ಟು ಕಡಿಮೆಯಾಯಿತು. ಜಲ್ಲಿ ತೆಗೆದೆ. ಮಣ್ಣು ಸೋರದಂತೆ ತೂತಿನ ಮೇಲೆ ಕಿಟಕಿಯ ಸೊಳ್ಳೆ ಜಾಲರಿಯ ತುಂಡು ಇಟ್ಟೆ. ಅಷ್ಟು ಸಾಕು.

ಹಂತ 3: ಮಣ್ಣು

ಮೊದಲು ಬಾಟಲಿ ಪರೀಕ್ಷೆ. ಪಾರದರ್ಶಕ ಬಾಟಲಿಯ ಮೂರನೇ ಒಂದು ಭಾಗ ಜರಡಿ ಹಿಡಿದ ಮಣ್ಣು, ಮೇಲೆ ನೀರು, ಒಂದು ತೊಟ್ಟು ಪಾತ್ರೆ ತೊಳೆಯುವ ಸೋಪು. ಚೆನ್ನಾಗಿ ಕುಲುಕಿ ಅಲುಗಾಡದ ಕಡೆ ಇಟ್ಟೆ. ಒಂದು ನಿಮಿಷದೊಳಗೆ ಮರಳು ತಳ ಸೇರುತ್ತದೆ. ಒಂದೆರಡು ಗಂಟೆಯಲ್ಲಿ ಅದರ ಮೇಲೆ ನಯವಾದ ಧೂಳುಮಣ್ಣಿನ ಪದರ. ಜೇಡಿ ಕೂರಲು ಒಂದು ದಿನ, ಕೆಲವೊಮ್ಮೆ ಇನ್ನೂ ಜಾಸ್ತಿ. ನನ್ನ ಬಾಟಲಿಯಲ್ಲಿ ಮರುದಿನವೂ ಮೇಲಿನ ನೀರು ಕದಡೇ ಇತ್ತು. ಜೇಡಿ ಜಾಸ್ತಿ ಅಂತ ಅಲ್ಲೇ ಗೊತ್ತಾಯಿತು.

ಮೊದಲ ಮಿಶ್ರಣ ಅರ್ಧ ಮಣ್ಣು, ಅರ್ಧ ಕಾಂಪೋಸ್ಟ್. ಶುರುವಿಗೆ ಚೆನ್ನಾಗಿತ್ತು. ಕೆಲವು ವಾರ ಕಳೆದ ಮೇಲೆ ಗಟ್ಟಿಯಾಗಿ, ಕುಂಡದ ಅಂಚು ಬಿಟ್ಟು ಒಳಗೆ ಸರಿಯಿತು. ನೀರು ಹಾಕಿದರೆ ಆ ಸಂದಿಯಲ್ಲಿ ಇಳಿದು ನೇರ ಕೆಳಗೆ ಬರುತ್ತಿತ್ತು, ಮಣ್ಣಿನ ನಡುಭಾಗ ಒಣಗಿಯೇ ಇರುತ್ತಿತ್ತು.

ಎರಡನೇ ಮಿಶ್ರಣ ಈಗಲೂ ಬಳಸುತ್ತಿರುವುದು. ಮಣ್ಣು 1 ಪಾಲು, ಕಾಂಪೋಸ್ಟ್ 1 ಪಾಲು, ಕೋಕೋಪೀಟ್ (ತೆಂಗಿನ ನಾರಿನ ಪುಡಿ) 1 ಪಾಲು, ಒಂದು ಕುಂಡಕ್ಕೆ ಒಂದು ಹಿಡಿ ಬೇವಿನ ಹಿಂಡಿ. ಪಾಲು ಅಂದರೆ ಬಕೆಟ್ ಅಳತೆ, ತೂಕ ಅಲ್ಲ. ಕೋಕೋಪೀಟಿನಲ್ಲಿ ಉಪ್ಪಿನಂಶ ಇರಬಹುದು. ಅದಕ್ಕೇ ನೀರಲ್ಲಿ ನೆನೆಸಿ ಹಿಂಡಿ, ಮತ್ತೊಮ್ಮೆ ಒಳ್ಳೆಯ ನೀರಲ್ಲಿ ತೊಳೆದೇ ಹಾಕಬೇಕು.

ಹದ ನೋಡುವುದು ಹೀಗೆ: ಒದ್ದೆ ಮಾಡಿದ ಮಿಶ್ರಣವನ್ನು ಮುಷ್ಟಿಯಲ್ಲಿ ಹಿಡಿದರೆ ಉಂಡೆ ಆಗಬೇಕು, ಬೆರಳಲ್ಲಿ ತಿವಿದರೆ ಉದುರಬೇಕು. ಉಂಡೆಯೇ ಆಗದಿದ್ದರೆ ಕಾಂಪೋಸ್ಟ್ ಸೇರಿಸಿ. ತಿವಿದರೂ ಉದುರದೆ ಮೆತ್ತಿಕೊಂಡರೆ ಕೋಕೋಪೀಟ್ ಜಾಸ್ತಿ ಮಾಡಿ. ಕುಂಡ ತುಂಬುವಾಗ ಒತ್ತಬಾರದು. ಮೊದಲ ನೀರಿಗೇ ಒಂದು ಇಂಚು ಕುಸಿಯುತ್ತದೆ, ಆಮೇಲೆ ತುಂಬಿಸಿದರಾಯಿತು.

ಹಂತ 4: ಬೀಜ ಮತ್ತು ಸಸಿ

ಬೀನ್ಸ್, ಸೌತೆ, ಮೂಲಂಗಿ, ಕ್ಯಾರೆಟ್, ಸೊಪ್ಪಿನ ಬೀಜಗಳನ್ನು ನೇರವಾಗಿ ಕುಂಡದಲ್ಲೇ ಬಿತ್ತಿದೆ. ಮೂಲಂಗಿ, ಕ್ಯಾರೆಟ್ ಸಸಿ ಕಿತ್ತು ನೆಟ್ಟರೆ ಗೆಡ್ಡೆ ಸೊಟ್ಟಗಾಗುತ್ತದೆ. ಟೊಮೆಟೊ, ಮೆಣಸಿನಕಾಯಿ, ಬದನೆಯನ್ನು ಟ್ರೇಯಲ್ಲಿ ಸಸಿ ಮಾಡಿದೆ.

ಆಳ: ಬೀಜದ ದಪ್ಪದ ಎರಡು ಮೂರು ಪಟ್ಟು. ಬೀನ್ಸ್ 1 ಇಂಚು, ಟೊಮೆಟೊ ಅರ್ಧ ಸೆಂಟಿಮೀಟರ್, ದಂಟಿನ ಬೀಜ ಸುಮ್ನೆ ಮೇಲೆ ಉದುರಿಸಿ ತೆಳುವಾಗಿ ಮುಚ್ಚಿದರೆ ಆಯಿತು. ಮೂಲಂಗಿ 3–5 ದಿನದಲ್ಲಿ ಮೇಲೆ ಬರುತ್ತದೆ, ಟೊಮೆಟೊ 6–10 ದಿನ. ಮೆಣಸಿನಕಾಯಿಗೆ ಎರಡು ಮೂರು ವಾರ ಆದರೂ ಗಾಬರಿ ಬೇಡ. ಕೊತ್ತಂಬರಿ ಕಾಳನ್ನು ಅಂಗೈಯಲ್ಲಿ ಮೆಲ್ಲಗೆ ಉಜ್ಜಿ ಎರಡಾಗಿ ಒಡೆದು ಬಿತ್ತಿ. ಒಂದು ಕಾಳಿನಲ್ಲಿ ಎರಡು ಬೀಜ ಇರುತ್ತವೆ.

ಮೊದಲ ಟ್ರೇಯ ಟೊಮೆಟೊ ಸಸಿಗಳು ಬಂದ ವೇಗದಲ್ಲೇ ಹೋದವು. ಬೆಳಗ್ಗೆ ನೋಡಿದರೆ ಸಾಲಾಗಿ ಮಲಗಿದ್ದವು. ಎಲೆ ಹಸಿರಾಗಿಯೇ ಇತ್ತು. ಮಣ್ಣಿಗೆ ತಾಗುವ ಕಡೆ ಮಾತ್ರ ಕಾಂಡ ಕಂದಾಗಿ, ದಾರದಷ್ಟು ಸಣ್ಣಗಾಗಿ, ಮುಟ್ಟಿದರೆ ನೀರುನೀರು. ಇದು ಸಸಿ ಕೊಳೆ ರೋಗ. ಮಣ್ಣಲ್ಲಿರುವ ಶಿಲೀಂಧ್ರದ ಜಾತಿಯ ಸೂಕ್ಷ್ಮಜೀವಿಗಳಿಂದ ಬರುತ್ತದೆ. ಸದಾ ಒದ್ದೆ, ಗಾಳಿ ಇಲ್ಲದ ಜಾಗ, ಒತ್ತೊತ್ತಾಗಿ ಬಿತ್ತಿದ ಬೀಜ, ಈ ಮೂರೂ ಸೇರಿದರೆ ಅದಕ್ಕೆ ಹಬ್ಬ. ಬಿದ್ದ ಸಸಿಯನ್ನು ಉಳಿಸಲು ಆಗುವುದಿಲ್ಲ, ಆ ಪ್ರಯತ್ನಕ್ಕೆ ಸಮಯ ಹಾಳುಮಾಡಬೇಡಿ.

ಎರಡನೇ ಟ್ರೇಗೆ ಬದಲಾಯಿಸಿದ್ದು: ಹೊಸ ಕೋಕೋಪೀಟ್ ಮತ್ತು ಜರಡಿ ಹಿಡಿದ ಕಾಂಪೋಸ್ಟ್ ಮಾತ್ರ, ಹಳೆ ಮಣ್ಣು ಇಲ್ಲ. ಟ್ರೇಯ ಒಂದೊಂದು ಗುಳಿಯಲ್ಲಿ ಎರಡೇ ಬೀಜ. ಮೊಳಕೆ ಕಂಡ ದಿನವೇ ಮೇಲಿನ ಮುಚ್ಚಳ ತೆಗೆದೆ. ನೀರು ಮೇಲಿಂದ ಚಿಮುಕಿಸಲಿಲ್ಲ. ಅಗಲವಾದ ತಟ್ಟೆಯಲ್ಲಿ ಅರ್ಧ ಇಂಚು ನೀರು ಹಾಕಿ, ಟ್ರೇಯನ್ನು 15–20 ನಿಮಿಷ ಅದರಲ್ಲಿ ಕೂರಿಸಿ ತೆಗೆದೆ. ಕೆಳಗಿಂದ ನೀರು ಏರುತ್ತದೆ, ಮೇಲಿನ ಪದರ ಒಣಗಿರುತ್ತದೆ. ಈ ಸಲ ಬಹುಪಾಲು ಉಳಿದವು.

ಕಿಟಕಿಯ ಒಳಗೆ ಇಟ್ಟ ಸಸಿಗಳು ಬೆಳಕು ಸಾಲದೆ ಉದ್ದಕ್ಕೆ ಎಳೆದವು. ಟೊಮೆಟೊ ಆದರೆ ತೊಂದರೆ ಇಲ್ಲ, ಕಾಂಡ ಹೂಳಿದಷ್ಟೂ ಅಲ್ಲಿಂದ ಬೇರು ಬರುತ್ತದೆ. ಮೊದಲ ಎಲೆಯವರೆಗೆ ಆಳವಾಗಿ ನೆಡಬಹುದು. ಬದನೆ, ಮೆಣಸನ್ನು ಹಾಗೆ ಹೂಳಲು ಹೋಗಲಿಲ್ಲ. ಅವುಗಳನ್ನು ಬೇಗ ಹೊರಗೆ ತಂದೆ. ಮೊದಲ ದಿನ ಒಂದು ಗಂಟೆ ಎಳೆ ಬಿಸಿಲು, ಆಮೇಲೆ ದಿನಾ ಸ್ವಲ್ಪ ಜಾಸ್ತಿ ಮಾಡುತ್ತಾ ಒಂದು ವಾರ. ನೆಟ್ಟಿದ್ದು ಸಂಜೆ ಹೊತ್ತು.

ಹಂತ 5: ಮಳೆಗಾಲ

ನೀರಿನ ಲೆಕ್ಕ: ಮಳೆ ಬರುವ ದಿನಗಳಲ್ಲಿ ಸೊನ್ನೆ. ಮಳೆ ಬಿಡುವು ಕೊಟ್ಟಾಗ ಬೆರಳು ಎರಡು ಗೆಣ್ಣಿನವರೆಗೆ ಮಣ್ಣಿಗೆ ಇಳಿಸಿ, ಒಣಗಿದ್ದರೆ ಮಾತ್ರ 1 ಲೀಟರ್.

ಮೊದಲ ಮಳೆಗೆ ಮುಂಚೆ ಮಾಡಿದ ಕೆಲಸ ಎರಡು. ಎಲ್ಲ ಕುಂಡಗಳನ್ನೂ ಇಟ್ಟಿಗೆಯ ಮೇಲೆ ಏರಿಸಿದೆ, ತೂತಿನ ಕೆಳಗೆ ಗಾಳಿ ಆಡುವಂತೆ. ಅಡಿಯ ತಟ್ಟೆಗಳನ್ನು ತೆಗೆದೆ. ತಟ್ಟೆಯಲ್ಲಿ ನಿಂತ ನೀರು ಬೇರಿಗೂ ಕೆಟ್ಟದ್ದು, ಸೊಳ್ಳೆಗೂ ಮನೆ. ಬೆಚ್ಚಗಿನ ದಿನಗಳಲ್ಲಿ ಮೊಟ್ಟೆಯಿಂದ ಸೊಳ್ಳೆ ಆಗಲು ಒಂದು ವಾರ, ಹತ್ತು ದಿನ ಸಾಕು. ತಟ್ಟೆ ಬೇಕೇ ಬೇಕು ಅನ್ನುವವರು ವಾರಕ್ಕೆ ಎರಡು ಸಲವಾದರೂ ಚೆಲ್ಲಿ ಒರೆಸಬೇಕು.

ಮಳೆ ಹಿಡಿದ ಮೇಲೆ ಒಂದು ಮೆಣಸಿನ ಗಿಡ ಬಾಡಿತು. ಮಣ್ಣು ಒದ್ದೆ, ಎಲೆ ಮಾತ್ರ ನೀರಿಲ್ಲದಂತೆ ಜೋತು ಬಿದ್ದಿತ್ತು. ಹೊಸಬರು ಎಡವುವುದು ಇಲ್ಲೇ. ಬಾಡಿದೆ ಅಂತ ಇನ್ನೊಂದು ಜಗ್ಗು ನೀರು ಹಾಕಿದರೆ ಅಲ್ಲಿಗೆ ಮುಗಿಯಿತು. ಬೇರಿಗೂ ಉಸಿರಾಡಲು ಗಾಳಿ ಬೇಕು. ಮಣ್ಣಿನ ಸಂದಿಗಳೆಲ್ಲ ನೀರೇ ತುಂಬಿಕೊಂಡರೆ ಬೇರು ಕೊಳೆಯುತ್ತದೆ, ಕೊಳೆತ ಬೇರು ನೀರು ಎಳೆಯುವುದಿಲ್ಲ. ಅದಕ್ಕೇ ನೀರೊಳಗೆ ನಿಂತೂ ಗಿಡ ಬಾಡುತ್ತದೆ. ಕುಂಡವನ್ನು ಓರೆ ಮಾಡಿ ಗಿಡವನ್ನು ಬೇರು, ಮಣ್ಣು ಸಮೇತ ಜಾರಿಸಿ ನೋಡಿದೆ. ಮೇಲಿನ ಬೇರು ಬಿಳಿ. ಕೆಳಗಿನದು ಕಂದು, ಎಳೆದರೆ ಸಿಪ್ಪೆ ಕಳಚಿ ಒಳಗಿನ ನಾರು ಮಾತ್ರ ಕೈಗೆ ಬರುತ್ತಿತ್ತು, ಕೊಳೆತ ವಾಸನೆ ಬೇರೆ. ತಳದ ಜಾಲರಿಯ ಮೇಲೆ ಜೇಡಿ ಕೂತು ತೂತು ಕಟ್ಟಿಕೊಂಡಿತ್ತು. ಕೊಳೆತ ಬೇರು ಕತ್ತರಿಸಿ, ಎಲೆಯ ಮೂರನೇ ಒಂದು ಭಾಗ ಸವರಿ, ಹೊಸ ಮಿಶ್ರಣದಲ್ಲಿ ನೆಟ್ಟು, ಮಳೆ ತಾಗದ ಕಡೆ ಇಟ್ಟೆ. ಗಿಡ ಉಳಿಯಿತು. ಆಮೇಲೆ ಜೋರು ಮಳೆ ಬಂದಾಗಲೆಲ್ಲ ಕಡ್ಡಿಯಿಂದ ಎಲ್ಲ ಕುಂಡದ ತೂತು ತಿವಿಯುವುದು ಅಭ್ಯಾಸವಾಯಿತು.

ಕೆಳಗಿನ ಎಲೆಗಳು ಹಳದಿಯಾಗಿದ್ದು ಎರಡನೇ ತೊಂದರೆ. ಸತತ ಮಳೆ ಮಣ್ಣಲ್ಲಿರುವ ಸಾರಜನಕವನ್ನು ತೊಳೆದುಕೊಂಡು ಹೋಗುತ್ತದೆ. ಗಿಡ ಹಳೆ ಎಲೆಯಿಂದ ಎಳೆದು ಹೊಸ ಚಿಗುರಿಗೆ ಕೊಡುತ್ತದೆ, ಅದಕ್ಕೇ ಹಳದಿ ಕೆಳಗಿನಿಂದ ಶುರುವಾಗುತ್ತದೆ. ಮಳೆ ಬಿಡುವು ನೋಡಿ 15 ದಿನಕ್ಕೊಮ್ಮೆ ಕುಂಡಕ್ಕೆ ಎರಡು ಹಿಡಿ ಕಾಂಪೋಸ್ಟ್ ಮೇಲೆ ಹರಡಿ ಕರಣೆಯಿಂದ ಕೆದಕಿದೆ. ಹಳದಿ ಎಲೆ ಮತ್ತೆ ಹಸಿರಾಗಲಿಲ್ಲ, ಆದರೆ ಹೊಸ ಎಲೆ ಚೆನ್ನಾಗಿ ಬಂತು.

ಬಸವನಹುಳುಗಳಿಗೆ ಏನೇನೋ ಪುಡಿ ಉದುರಿಸಿದೆ, ಮಳೆಗೆ ಎಲ್ಲವೂ ತೊಳೆದುಹೋಯಿತು. ಕೊನೆಗೆ ಕೆಲಸ ಮಾಡಿದ್ದು ಟಾರ್ಚ್. ಕತ್ತಲಾದ ಮೇಲೆ ಹೋಗಿ ಕುಂಡದ ಹೊರಗೋಡೆ, ಇಟ್ಟಿಗೆಯ ಸಂದಿ ನೋಡಿ ಕೈಯಲ್ಲಿ ಹೆಕ್ಕುವುದು. ಅದರಷ್ಟು ಸರಿಯಾದ ಉಪಾಯ ಬೇರೆ ಸಿಕ್ಕಿಲ್ಲ.

ಹಂತ 6: ಚಳಿಗಾಲ

ಹೊಸಬರು ತೋಟ ಶುರುಮಾಡಲು ಇದಕ್ಕಿಂತ ಒಳ್ಳೆ ಕಾಲ ಇಲ್ಲ. ಪಾಲಕ್, ಕೊತ್ತಂಬರಿ, ಮೆಂತ್ಯ, ಮೂಲಂಗಿ, ಕೋಸು ಎಲ್ಲಕ್ಕೂ ತಂಪು ಇಷ್ಟ. ಬಿಸಿ ಏರಿದರೆ ಪಾಲಕ್, ಕೊತ್ತಂಬರಿ ಎಲೆ ಬಿಡುವುದನ್ನು ನಿಲ್ಲಿಸಿ ಹೂವಿನ ದಂಟು ಎತ್ತುತ್ತವೆ. ಒಂದೇ ಸಲ ಎಲ್ಲ ತೊಟ್ಟಿಗೂ ಬಿತ್ತದೆ, 15 ದಿನಕ್ಕೆ ಒಂದು ತೊಟ್ಟಿಯಂತೆ ಬಿತ್ತಿದೆ. ಒಂದು ಕೊಯ್ಲು ಮುಗಿಯುವ ಹೊತ್ತಿಗೆ ಇನ್ನೊಂದು ತಯಾರಿರುತ್ತದೆ. ಹಿಮ ಕಟ್ಟುವಷ್ಟು ಚಳಿ ಇರುವ ಕಡೆ ಟೊಮೆಟೊ, ಮೆಣಸು, ಬದನೆ ಹೊರಗೆ ಉಳಿಯುವುದಿಲ್ಲ. ಅವುಗಳನ್ನು ಒಳಗೆ ತರಬೇಕು, ಇಲ್ಲವೇ ಆ ಕಾಲಕ್ಕೆ ಕೈಬಿಡಬೇಕು.

ನೀರಿನ ಲೆಕ್ಕ: ದೊಡ್ಡ ಕುಂಡಕ್ಕೆ ಎರಡು ಮೂರು ದಿನಕ್ಕೊಮ್ಮೆ 1 ಲೀಟರ್. ಬೆಳಗ್ಗೆ ಮಾತ್ರ. ಸಂಜೆ ಹಾಕಿದರೆ ರಾತ್ರಿಯಿಡೀ ಎಲೆ, ಮಣ್ಣು ಎರಡೂ ಒದ್ದೆ ಇರುತ್ತವೆ.

ಬೆರಳಿನ ಪರೀಕ್ಷೆ ಈ ಕಾಲದಲ್ಲಿ ಕೈಕೊಟ್ಟಿತು. ಮೇಲಿನ ಎರಡು ಇಂಚು ಒಣಗಾಳಿಗೆ ಬೇಗ ಒಣಗುತ್ತದೆ, ಕೆಳಗೆ ಇನ್ನೂ ಒದ್ದೆ. ಅದಕ್ಕೆ ತೂಕ ನೋಡಲು ಶುರುಮಾಡಿದೆ. ಪೂರ್ತಿ ನೀರುಂಡ ಕುಂಡದ ಅಂಚು ಹಿಡಿದು ಸ್ವಲ್ಪ ಓರೆ ಮಾಡಿ, ಎಷ್ಟು ಭಾರ ಅಂತ ಕೈಗೆ ಗೊತ್ತು ಮಾಡಿಸಿ. ಒಣಗಿದಾಗ ಮತ್ತೆ ಓರೆ ಮಾಡಿ. ವ್ಯತ್ಯಾಸ ಲೀಟರ್‌ಗಟ್ಟಲೆ ಇರುತ್ತದೆ, ಕೈಗೆ ಬೇಗ ಅಭ್ಯಾಸ ಆಗುತ್ತದೆ. ಎರಡು ಕಡ್ಡಿಯ ತೇವ ಅಳೆಯುವ ಅಗ್ಗದ ಮೀಟರ್ ಕೂಡ ತಂದಿದ್ದೆ. ಗೊಬ್ಬರ ಹಾಕಿದ ಮರುದಿನ ಒಣ ಮಣ್ಣಲ್ಲೂ ಅದು ಒದ್ದೆ ಅಂತ ತೋರಿಸಿತು. ಮಣ್ಣಲ್ಲಿ ಲವಣ ಹೆಚ್ಚಾದರೆ ಅದರ ಲೆಕ್ಕ ತಪ್ಪುತ್ತದೆ. ಈಗ ಡ್ರಾಯರ್‌ನಲ್ಲಿದೆ.

ಕೋಸಿನ ಎಲೆಯ ಅಡಿಯಲ್ಲಿ ಗಿಡಹೇನು ಬಂತು. ಮೊದಲು ಜೋರಾಗಿ ನೀರು ಚಿಮ್ಮಿಸಿ ತೊಳೆದೆ, ಅರ್ಧ ಹೋಯಿತು. ಉಳಿದಿದ್ದಕ್ಕೆ 1 ಲೀಟರ್ ನೀರಿಗೆ 5 ಮಿಲೀ ದ್ರವ ಸೋಪು ಬೆರೆಸಿ ಎಲೆಯ ಅಡಿಗೆ ತಾಗುವಂತೆ ಸಿಂಪಡಿಸಿದೆ. ಹೇನಿನ ಮೈಗೆ ತಾಗಿದರೆ ಮಾತ್ರ ಅದು ಕೆಲಸ ಮಾಡುತ್ತದೆ, ಒಣಗಿದ ಮೇಲೆ ಏನೂ ಇಲ್ಲ. ಹಾಗಾಗಿ ನಾಲ್ಕೈದು ದಿನ ಬಿಟ್ಟು ಮತ್ತೆ ಸಿಂಪಡಿಸಬೇಕು. ಬಿಸಿಲಲ್ಲಿ ಸಿಂಪಡಿಸಿದರೆ ಎಲೆ ಸುಡುತ್ತದೆ. ಹೊಸ ಗಿಡಕ್ಕೆ ಮೊದಲು ಒಂದೇ ಎಲೆಗೆ ಹಾಕಿ ಒಂದು ದಿನ ಕಾದು ನೋಡಿ.

ಸೌತೆಯ ಎಲೆ ಮೇಲೆ ಬಿಳಿ ಬೂದಿ ಕಂಡಿತು. ಹಗಲು ಒಣ ಹವೆ, ರಾತ್ರಿ ತಂಪು ಇದ್ದರೆ ಬೂದಿ ರೋಗ ಜೋರು. ಎಲೆ ಒದ್ದೆ ಆಗಲೇಬೇಕು ಅಂತಿಲ್ಲ. ಕೆಳಗಿನ ರೋಗದ ಎಲೆ ಕತ್ತರಿಸಿ ಗಾಳಿ ಆಡುವಂತೆ ಮಾಡಿದ್ದರಿಂದ ಹರಡುವುದು ನಿಧಾನವಾಯಿತು, ಪೂರ್ತಿ ಹೋಗಲಿಲ್ಲ.

ಹಂತ 7: ಬೇಸಿಗೆ

ಎಲ್ಲಕ್ಕಿಂತ ಜಾಸ್ತಿ ಕೆಲಸ ಹಿಡಿದ ಕಾಲ.

ನೀರಿನ ಲೆಕ್ಕ: ಕಾಯಿ ಹಿಡಿದ ಟೊಮೆಟೊ ಕುಂಡಕ್ಕೆ ಬೆಳಗ್ಗೆ 2 ಲೀಟರ್, ಬಿಸಿ ಜೋರಿದ್ದ ದಿನ ಸಂಜೆ ಇನ್ನೂ 1 ಲೀಟರ್. ಸೊಪ್ಪಿನ ತೊಟ್ಟಿಗೆ ದಿನಾ, ಸ್ವಲ್ಪ ಸ್ವಲ್ಪ.

ಮೊದಲ ತೊಂದರೆ ವಿಚಿತ್ರವಾಗಿ ಕಂಡಿತು. ನೀರು ಹಾಕಿದ ತಕ್ಷಣ ತೂತಿನಿಂದ ಹೊರಗೆ ಬರುತ್ತಿತ್ತು, ಹಾಗಾಗಿ ಸಾಕಷ್ಟಾಯಿತು ಅನ್ನಿಸುತ್ತಿತ್ತು. ಗಿಡ ಮಾತ್ರ ಮಧ್ಯಾಹ್ನಕ್ಕೇ ಬಾಡುತ್ತಿತ್ತು. ಕುಂಡ ಓರೆ ಮಾಡಿದರೆ ಭಾರವೇ ಇಲ್ಲ. ಅಗೆದು ನೋಡಿದರೆ ಒಂದು ಇಂಚಿನ ಕೆಳಗೆ ಪುಡಿಪುಡಿ ಒಣ ಮಣ್ಣು. ಕೋಕೋಪೀಟ್, ಕಾಂಪೋಸ್ಟ್ ಪೂರ್ತಿ ಒಣಗಿದರೆ ನೀರನ್ನು ಹೀರುವುದನ್ನೇ ನಿಲ್ಲಿಸುತ್ತವೆ, ನೀರು ಅಂಚಿನಿಂದ ಜಾರಿ ಹೋಗುತ್ತದೆ. ಪರಿಹಾರ ಸುಲಭ. ಟಬ್ಬಿನಲ್ಲಿ ಅರ್ಧ ಕುಂಡದ ಎತ್ತರಕ್ಕೆ ನೀರು ತುಂಬಿ ಕುಂಡ ಕೂರಿಸಿ. ಮೇಲಿನ ಮಣ್ಣಿನಿಂದ ಗುಳುಗುಳು ಅಂತ ಗುಳ್ಳೆ ಏಳುತ್ತದೆ. ಗುಳ್ಳೆ ನಿಂತು ಮೇಲ್ಭಾಗ ಒದ್ದೆ ಆದ ಮೇಲೆ ಎತ್ತಿ ಬಸಿಯಲು ಬಿಡಿ. ಎತ್ತಲಾಗದ ದೊಡ್ಡ ಕುಂಡಕ್ಕೆ ಅರ್ಧ ಲೀಟರ್ ಹಾಕಿ, ಹತ್ತು ನಿಮಿಷ ಬಿಟ್ಟು ಮತ್ತೆ ಅರ್ಧ ಲೀಟರ್, ಹೀಗೆ ಕಂತಿನಲ್ಲಿ ಹಾಕಿದೆ.

ಮತ್ತೆ ಹಾಗಾಗದಂತೆ ಒಣ ಎಲೆಯ ಮುಚ್ಚಿಗೆ ಹಾಕಿದೆ. 2 ಇಂಚು ದಪ್ಪ, ಕಾಂಡದ ಸುತ್ತ ಎರಡು ಬೆರಳು ಜಾಗ ಬಿಟ್ಟು. ಕಾಂಡಕ್ಕೆ ಅಂಟಿಸಿ ಹಾಕಿದರೆ ತೊಗಟೆ ಕೊಳೆಯುತ್ತದೆ. ಇಷ್ಟರಿಂದಲೇ ಸಂಜೆಯ ನೀರು ಬಹುತೇಕ ದಿನ ತಪ್ಪಿತು. ಈ ಇಡೀ ವರ್ಷದಲ್ಲಿ ಬಿಡಿಕಾಸು ಖರ್ಚಿಲ್ಲದೆ ಇಷ್ಟು ಫಲ ಕೊಟ್ಟ ಕೆಲಸ ಬೇರೊಂದಿಲ್ಲ.

ಕಪ್ಪು ಕುಂಡದ ಬಿಸಿಲು ಬೀಳುವ ಬದಿ ಮುಟ್ಟಲಾಗದಷ್ಟು ಕಾಯುತ್ತದೆ, ಒಳಗೆ ಆ ಬದಿಯ ಬೇರು ಸಾಯುತ್ತದೆ. ಹಳೆ ಗೋಣಿಚೀಲ ಸುತ್ತಿದೆ. ಮೇಲೆ 50 ಪರ್ಸೆಂಟ್ ಶೇಡ್ ನೆಟ್ (ಅರ್ಧ ಬಿಸಿಲು ತಡೆಯುವ ನೆರಳಿನ ಬಲೆ) ಕಟ್ಟಿದೆ, ಗಿಡದ ತುದಿಯಿಂದ ಎರಡು ಅಡಿ ಎತ್ತರದಲ್ಲಿ. ಮೊದಲು ಕಟ್ಟಿದ್ದು ಗಿಡಕ್ಕೆ ತಾಗುವಷ್ಟು ಕೆಳಗೆ. ಗಾಳಿ ಆಡದೆ ಕೆಳಗೆ ಇನ್ನೂ ಸೆಕೆ ಆಯಿತು, ಬಿಚ್ಚಿ ಎತ್ತರಿಸಬೇಕಾಯಿತು. ಬಿಸಿ ಇಳಿದ ತಕ್ಷಣ ನೆಟ್ ತೆಗೆಯಲೇಬೇಕು, ಇಲ್ಲದಿದ್ದರೆ ಕಾಯಿಯ ಗಿಡಕ್ಕೆ ಬೆಳಕು ಸಾಲುವುದಿಲ್ಲ.

ಊರಿಗೆ ಹೋಗುವ ದಿನಗಳಿಗೆ ನೀರಿನ ಏರ್ಪಾಡು ಮಾಡಲು ಹೋದೆ. ಮುಚ್ಚಳಕ್ಕೆ ತೂತು ಮಾಡಿ ಬಾಟಲಿಯನ್ನು ಮಣ್ಣಿಗೆ ತಲೆಕೆಳಗಾಗಿ ಚುಚ್ಚುವ ಉಪಾಯ ಮೊದಲು. ಒಂದು ಬಾಟಲಿ ಸ್ವಲ್ಪ ಹೊತ್ತಲ್ಲೇ ಖಾಲಿ, ಇನ್ನೊಂದರ ತೂತಿಗೆ ಮಣ್ಣು ಕಟ್ಟಿ ಒಂದು ಹನಿಯೂ ಇಳಿಯಲಿಲ್ಲ. ಆಮೇಲೆ ಬತ್ತಿಯ ಏರ್ಪಾಡು. 5 ಲೀಟರ್ ಕ್ಯಾನನ್ನು ಕುಂಡಕ್ಕಿಂತ ಎತ್ತರದಲ್ಲಿ ಇಟ್ಟಿಗೆ ಮೇಲೆ ಇಟ್ಟು, ಬತ್ತಿಯ ಒಂದು ತುದಿ ಕ್ಯಾನಿನ ತಳಕ್ಕೆ, ಇನ್ನೊಂದು ತುದಿ ಮಣ್ಣಲ್ಲಿ 4 ಇಂಚು ಆಳಕ್ಕೆ. ಪ್ಲಾಸ್ಟಿಕ್ ಹಗ್ಗ ನೀರು ಎಳೆಯಲೇ ಇಲ್ಲ. ದಪ್ಪ ಹತ್ತಿ ಹಗ್ಗ ಕ್ಯಾನನ್ನು ಒಂದೇ ದಿನದಲ್ಲಿ ಬರಿದು ಮಾಡಿತು. ಹಳೆ ಹತ್ತಿ ಬನಿಯನ್ನಿನ ಒಂದು ಬೆರಳಗಲದ ಪಟ್ಟಿ ಹೊಸೆದು, ಪೂರ್ತಿ ನೆನೆಸಿ ಹಾಕಿದಾಗ ದಿನಕ್ಕೆ ಒಂದರಿಂದ ಒಂದೂವರೆ ಲೀಟರ್ ಇಳಿಯಿತು. ಕ್ಯಾನಿನ ಹೊರಗೆ ಗೆರೆ ಹಾಕಿ ಅಳೆದಿದ್ದು ಇದು. ಒಣ ಬತ್ತಿ ಹಾಕಿದರೆ ಹರಿವು ಶುರುವಾಗುವುದಿಲ್ಲ. ಕ್ಯಾನಿನ ಬಾಯಿಗೆ ಬಟ್ಟೆ ಕಟ್ಟಬೇಕು, ಇಲ್ಲದಿದ್ದರೆ ಸೊಳ್ಳೆ. ಹತ್ತಿ ಮಣ್ಣಲ್ಲಿ ಕೊಳೆಯುವುದರಿಂದ ಆಗಾಗ ಬದಲಾಯಿಸಬೇಕು. ಹೊರಡುವ ದಿನ ಕಟ್ಟದೆ, ಮನೆಯಲ್ಲಿರುವಾಗಲೇ ಎರಡು ಮೂರು ದಿನ ಓಡಿಸಿ ನೋಡಿ.

ಟೊಮೆಟೊ ಹೂವು ಉದುರಿದ್ದಕ್ಕೆ ಸುಮಾರು ಜನ ಸುಮಾರು ಟಾನಿಕ್ ಹೇಳಿದರು. ಹಗಲು 35 ಡಿಗ್ರಿ ದಾಟಿದರೆ, ರಾತ್ರಿಯೂ ಬಿಸಿ ಇಳಿಯದಿದ್ದರೆ ಪರಾಗ ಕೆಲಸ ಮಾಡುವುದಿಲ್ಲ, ಹೂ ಉದುರುತ್ತದೆ. ಅದು ರೋಗ ಅಲ್ಲ. ಶೇಡ್ ನೆಟ್, ನೀರು ಸರಿಯಾಗಿದ್ದು ಬಿಸಿ ಇಳಿದ ಮೇಲೆ ಅದೇ ಗಿಡ ಕಾಯಿ ಹಿಡಿಯಿತು. ಟಾನಿಕ್‌ಗೆ ಕೊಟ್ಟ ದುಡ್ಡಿಗೆ ಇನ್ನೊಂದು ಚೀಲ ಕಾಂಪೋಸ್ಟ್ ಬರುತ್ತಿತ್ತು.

ಕಾಯಿಯ ತಳ ಕಪ್ಪಾಗಿ ತಗ್ಗಾಗುವುದಕ್ಕೂ ನೀರೇ ಕಾರಣ. ಒಂದು ದಿನ ಒಣ, ಮರುದಿನ ಕೆಸರು ಆದರೆ ಕ್ಯಾಲ್ಸಿಯಂ ಕಾಯಿಯ ತುದಿ ತಲುಪುವುದಿಲ್ಲ. ಮೊಟ್ಟೆ ಸಿಪ್ಪೆ ಹಾಕಿ ನೋಡಿದೆ, ಆ ಬೆಳೆಗೆ ಏನೂ ಉಪಯೋಗ ಆಗಲಿಲ್ಲ. ಸಿಪ್ಪೆ ಕರಗಲು ತಿಂಗಳುಗಟ್ಟಲೆ ಬೇಕು. ನೀರನ್ನು ಒಂದೇ ಹದಕ್ಕೆ ತಂದು ಮುಚ್ಚಿಗೆ ಹಾಕಿದ ಮೇಲೆ ಬಂದ ಕಾಯಿಗಳು ಚೆನ್ನಾಗಿದ್ದವು.

ಬದನೆ ಎಲೆ ಮಂಕಾಗಿ, ಸಣ್ಣ ಸಣ್ಣ ಹಳದಿ ಚುಕ್ಕೆ ಬಂದರೆ ನುಸಿ ಅಂತ ಅನುಮಾನಪಡಿ. ಬಿಳಿ ಹಾಳೆಯ ಮೇಲೆ ಎಲೆ ತಟ್ಟಿ. ಉದುರಿದ ಚುಕ್ಕೆಗಳು ನಡೆದಾಡಿದರೆ ನುಸಿಯೇ. ಒಣ ಸೆಕೆ ಅದಕ್ಕೆ ಇಷ್ಟ. ಬೆಳಗ್ಗೆ ಎಲೆಯ ಅಡಿಗೆ ನೀರು ಚಿಮ್ಮಿಸಿ ತೊಳೆಯುತ್ತಿದ್ದೇನೆ, ವಾರಕ್ಕೊಮ್ಮೆ ಸಂಜೆ 1 ಲೀಟರ್ ನೀರಿಗೆ 5 ಮಿಲೀ ಬೇವಿನೆಣ್ಣೆ, ಒಂದೆರಡು ಮಿಲೀ ಸೋಪು. ಹತೋಟಿಯಲ್ಲಿದೆ, ಹೋಗಿಲ್ಲ.

ಹಂತ 8: ಕಾಂಪೋಸ್ಟ್ ಬಕೆಟ್

20 ಲೀಟರ್ ಬಕೆಟ್, ಸುತ್ತ ಮತ್ತು ತಳಕ್ಕೆ ತೂತು. ಒಂದು ಪಾಲು ತರಕಾರಿ ಸಿಪ್ಪೆ, ಎರಡು ಪಾಲು ಒಣ ಎಲೆ. ನಾರಿದರೆ ಒಣ ಎಲೆ ಸೇರಿಸಿ ಕಲಕಿ. ಒಣಗಿ ಸುಮ್ನೆ ಕೂತರೆ ಸ್ವಲ್ಪ ನೀರು. ಹಿಡಿಯಲ್ಲಿ ಹಿಂಡಿದರೆ ಒಂದೆರಡು ಹನಿ ಬರುವಷ್ಟು ತೇವ ಸಾಕು. ಎರಡು ಮೂರು ತಿಂಗಳಿಗೆ ತಯಾರು. ಸಣ್ಣ ಬಕೆಟ್ ದೊಡ್ಡ ಗುಡ್ಡೆಯಷ್ಟು ಬಿಸಿಯಾಗುವುದಿಲ್ಲ, ಬೀಜಗಳು ಸಾಯುವುದಿಲ್ಲ. ಈ ಕಾಂಪೋಸ್ಟ್ ಹಾಕಿದ ಎಲ್ಲ ಕುಂಡದಲ್ಲೂ ಟೊಮೆಟೊ ಸಸಿ ಎದ್ದಿದೆ.

ಹಂತ 9: ಹಳೆ ಮಣ್ಣು

ಈಗ ನಿಂತಿರುವುದು ಇಲ್ಲಿ. ಬೆಳೆ ಮುಗಿದ ಕುಂಡಗಳನ್ನು ಒಂದೊಂದಾಗಿ ಹಾಳೆಯ ಮೇಲೆ ಸುರಿದು ಬೇರು ತೆಗೆದೆ. ಬೀನ್ಸ್ ಬೇರಿನಲ್ಲಿ ಗಂಟು ಕಂಡಿತು, ಒಂದು ಟೊಮೆಟೊ ಬೇರಿನಲ್ಲೂ ಗಂಟು. ಎರಡೂ ಒಂದೇ ಅಲ್ಲ. ಬೀನ್ಸಿನ ಗಂಟು ಬೇರಿನ ಪಕ್ಕಕ್ಕೆ ಅಂಟಿಕೊಂಡಿತ್ತು, ಉಗುರಲ್ಲಿ ಎತ್ತಿದರೆ ಕಳಚಿತು, ಒಡೆದರೆ ಒಳಗೆ ನಸುಗೆಂಪು. ಅದು ಗಾಳಿಯ ಸಾರಜನಕ ಹಿಡಿದು ಗಿಡಕ್ಕೆ ಕೊಡುವ ಬ್ಯಾಕ್ಟೀರಿಯಾದ ಮನೆ. ಆ ಬೇರನ್ನು ಮಣ್ಣಲ್ಲೇ ಬಿಟ್ಟೆ. ಟೊಮೆಟೊದ್ದು ಹಾಗಲ್ಲ, ಬೇರೇ ಊದಿಕೊಂಡು ಗಂಟಾಗಿತ್ತು, ಕಳಚುವುದಿಲ್ಲ. ಅದು ಬೇರುಗಂಟು ಜಂತುಹುಳು, ಅಂದರೆ ಬೇರಿನೊಳಗೆ ಸೇರುವ ಕಣ್ಣಿಗೆ ಕಾಣದಷ್ಟು ಸಣ್ಣ ಹುಳುವಿನ ಕೆಲಸ. ಆ ಗಿಡ ಬೇಸಿಗೆಯಲ್ಲಿ ನೀರಿದ್ದೂ ಬಾಡುತ್ತಿದ್ದುದಕ್ಕೆ ಕಾರಣ ಈಗ ಸಿಕ್ಕಿತು.

ಆ ಬೇರನ್ನು ಕಾಂಪೋಸ್ಟಿಗೆ ಹಾಕದೆ ಹೊರಗೆ ಹಾಕಿದೆ. ಬಿಸಿಗೆ ಹುಳು ಸಾಯಲಿ ಅಂತ ಆ ಕುಂಡದ ಮಣ್ಣನ್ನು ಒದ್ದೆ ಮಾಡಿ, ಬಿಸಿಲಲ್ಲಿ 6 ಇಂಚಿಗಿಂತ ತೆಳುವಾಗಿ ಹರಡಿ, ಪಾರದರ್ಶಕ ಪ್ಲಾಸ್ಟಿಕ್ ಹಾಳೆ ಹೊದಿಸಿ, ಅಂಚಿಗೆ ಇಟ್ಟಿಗೆ ಹೇರಿದ್ದೇನೆ. ಕಪ್ಪು ಹಾಳೆಗಿಂತ ಪಾರದರ್ಶಕ ಹಾಳೆಯ ಕೆಳಗೆ ಮಣ್ಣು ಜಾಸ್ತಿ ಕಾಯುತ್ತದೆ. 4–6 ವಾರ ಹೀಗೆ ಇರಬೇಕು. ಉಳಿದ ಕುಂಡಗಳ ಮಣ್ಣಿಗೆ ನಾಲ್ಕರಲ್ಲಿ ಒಂದು ಪಾಲು ಹೊಸ ಕಾಂಪೋಸ್ಟ್ ಬೆರೆಸಿ ವಾಪಸ್ ತುಂಬಿದೆ. ಟೊಮೆಟೊ ಇದ್ದ ಕುಂಡಕ್ಕೆ ಈ ಸಲ ಮೆಣಸು, ಬದನೆ ಹಾಕುವುದಿಲ್ಲ. ಮೂರೂ ಒಂದೇ ಕುಟುಂಬ, ರೋಗವೂ ಹಂಚಿಕೊಳ್ಳುತ್ತವೆ. ಅಲ್ಲಿ ಬೀನ್ಸ್, ಬೀನ್ಸ್ ಇದ್ದ ಕಡೆ ಸೊಪ್ಪು.

ಹಾಳೆ ತೆಗೆದ ಮೇಲೆ ಆ ಮಣ್ಣಿಗೆ ಮೊದಲು ನಾಲ್ಕೈದು ಸೌತೆ ಬೀಜ ಹಾಕುತ್ತೇನೆ, ಕಾಯಿಗಾಗಿ ಅಲ್ಲ. ಸೌತೆಗೆ ಈ ಜಂತುಹುಳು ಬೇಗ ಹಿಡಿಯುತ್ತದೆ. ಒಂದು ತಿಂಗಳು, ಐದು ವಾರ ಬಿಟ್ಟು ಕಿತ್ತು ಬೇರು ತೊಳೆದು ನೋಡುವುದು. ಗಂಟು ಇಲ್ಲದಿದ್ದರೆ ಮಣ್ಣು ತರಕಾರಿಗೆ ವಾಪಸ್. ಇದ್ದರೆ ಹುಳು ಕಡಿಮೆಯಾಗಲು ಆ ಕುಂಡದಲ್ಲಿ ಎರಡು ಮೂರು ತಿಂಗಳು ಒತ್ತಾಗಿ ಚೆಂಡುಹೂ ಬೆಳೆಸಿ, ಮತ್ತೆ ಸೌತೆ ಬೀಜ ಹಾಕಿ ಪರೀಕ್ಷೆ.